ಸಾಲುಮರದ ದಾರಿಯನ್ನು ಚಿತ್ರಿಸುವ ಬಗೆ

ರಸ್ತೆಯ ಎರಡೂ ಬದಿಗೆ ಹಳೆಯ ಮರಗಳು ಸಾಲಾಗಿ ನಿಂತು, ಮೇಲೆ ಕೊಂಬೆಗೆ ಕೊಂಬೆ ಕೂಡಿರುವ ದಾರಿ ನಿಸರ್ಗಚಿತ್ರಕಾರರ ಬಹುಕಾಲದ ಮೆಚ್ಚಿನ ವಸ್ತು. ದೂರಕ್ಕೆ ಸಾಗುವ ಗೆರೆ, ನೆರಳು ಬೆಳಕಿನ ಹೊಂದಿಕೆ, ಜನರ ಓಡಾಟ, ಕಾಲದ ಗುರುತು, ಹೀಗೆ ಚಿತ್ರಕ್ಕೆ ಬೇಕಾದದ್ದೆಲ್ಲ ಅಲ್ಲಿ ಒಂದೇ ಕಡೆ ಸಿಗುತ್ತದೆ. ನೋಡುವುದಕ್ಕೆ ಸುಲಭವೆನಿಸುವ ಈ ವಸ್ತು ಬಿಡಿಸಲು ಕುಳಿತಾಗ ಕಷ್ಟ ಕೊಡುತ್ತದೆ. ಕಲಿಯುವವರ ಚಿತ್ರಗಳಲ್ಲಿ ಮೂರು ದೋಷಗಳು ಪದೇಪದೇ ಕಾಣುತ್ತವೆ. ಮರಗಳೆಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿರುತ್ತವೆ. ರಸ್ತೆ ನೆಲದ ಮೇಲೆ ಮಲಗದೆ ಗೋಡೆಯಂತೆ ಎದ್ದು ನಿಲ್ಲುತ್ತದೆ. ಹಸಿರು ಇಡೀ ಹಾಳೆಯನ್ನು ನುಂಗಿಬಿಡುತ್ತದೆ. ಮರವನ್ನು ಒಂದೊಂದಾಗಿ ತಿಳಿದು, ಬೆಳಕಿನ ಲೆಕ್ಕ ಹಿಡಿದು, ಆಮೇಲೆ ಬಣ್ಣಕ್ಕೆ ಕೈ ಹಾಕಿದರೆ ಈ ಮೂರೂ ದೂರವಾಗುತ್ತವೆ.

ದಾರಿಬದಿ ಮರ ನೆಡುವುದು ಈ ನಾಡಿನಲ್ಲಿ ಹಳೆಯ ಪುಣ್ಯಕಾರ್ಯ. ಕ್ರಿ.ಪೂ. 3ನೆಯ ಶತಮಾನದ ಅಶೋಕ ಚಕ್ರವರ್ತಿಯ ಏಳನೆಯ ಸ್ತಂಭಶಾಸನದಲ್ಲಿ ಜನರಿಗೂ ಜಾನುವಾರುಗಳಿಗೂ ನೆರಳಾಗಲೆಂದು ದಾರಿಗಳಲ್ಲಿ ಆಲದ ಮರ ನೆಡಿಸಿದ ಮಾತು ಬರುತ್ತದೆ. ನಮ್ಮ ಕಾಲದಲ್ಲಿ ಮಾಗಡಿ ತಾಲ್ಲೂಕಿನ ಹುಲಿಕಲ್ ಮತ್ತು ಕುದೂರು ನಡುವಿನ ರಸ್ತೆಗೆ 385 ಆಲದ ಮರಗಳನ್ನು ಬೆಳೆಸಿದ ಸಾಲುಮರದ ತಿಮ್ಮಕ್ಕ ಅದೇ ಪರಂಪರೆಗೆ ಸೇರಿದವರು. 2019ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಗಂಡ ಚಿಕ್ಕಯ್ಯನವರೊಡನೆ ನೀರು ಹೊತ್ತು ಸಾಕಿದ ಆ ಗಿಡಗಳು ಇಂದು ರಸ್ತೆಗೆ ಚಪ್ಪರ ಹಾಕಿವೆ. ಸಾಲುಮರದ ಚಿತ್ರ ಬಿಡಿಸುವವನ ಎದುರಿಗೆ ನಿಲ್ಲುವುದು ಕಾಡಲ್ಲ, ಯಾರೋ ಅಳತೆ ನೋಡಿ ನೆಟ್ಟು, ನೀರೆರೆದು, ಬೇಲಿ ಕಟ್ಟಿ ಉಳಿಸಿದ ಗಿಡಗಳ ಸಾಲು. ಒಂದೇ ಅಂತರದಲ್ಲಿ ನೆಟ್ಟವು ಅವು. ಆಮೇಲೆ ಗಾಳಿ, ಸಿಡಿಲು, ಕೊಡಲಿ, ಬರಗಾಲಗಳನ್ನು ಒಂದೊಂದೂ ತನ್ನದೇ ರೀತಿಯಲ್ಲಿ ಕಂಡು ಬೇರೆಬೇರೆಯಾಗಿ ಬೆಳೆದವು. ನೆಟ್ಟವರ ಕ್ರಮ ಮತ್ತು ಬೆಳೆದ ಮರದ ಸ್ವಭಾವ, ಇವೆರಡೂ ಹಾಳೆಯ ಮೇಲೆ ಒಟ್ಟಿಗೆ ಕಾಣಬೇಕು.

ಕೃಷ್ಣೆಯ ದಂಡೆಯ ಹಿಪ್ಪರಗಿಯಿಂದ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಕಡೆಗೆ ಹರಡಿದ ನಾಡು ಇಂಥ ಚಿತ್ರಕ್ಕೆ ಒಳ್ಳೆಯ ಪಾಠಶಾಲೆ. ಎರೆಭೂಮಿಯ ಬಯಲಿನಲ್ಲಿ ದೃಷ್ಟಿ ದೂರ ಹರಿಯುತ್ತದೆ, ಆಕಾಶಕ್ಕೆ ಎದುರಾಗಿ ಮರದ ಆಕಾರ ಸ್ಪಷ್ಟವಾಗಿ ನಿಲ್ಲುತ್ತದೆ. ರಸ್ತೆಯ ಬದಿಗೆ, ಹೊಲದ ಬದುವಿಗೆ, ಊರ ಅಗಸಿಯ ಮುಂದೆ ಸಿಗುವ ಮರಗಳು ಬೇವು, ಹುಣಸೆ, ಆಲ, ಅರಳಿ, ಬಸರಿ, ಜಾಲಿ. ಇವುಗಳ ಗುಣ ತಿಳಿಯದೆ ‘ಮರ’ ಎಂಬ ಒಂದೇ ಆಕಾರವನ್ನು ಸಾಲಾಗಿ ಬಿಡಿಸಿದರೆ ಚಿತ್ರ ಯಾವ ಊರಿನದೂ ಆಗುವುದಿಲ್ಲ.

ಬೇವಿನ ತೊಗಟೆಯಲ್ಲಿ ಉದ್ದುದ್ದ ಸೀಳುಗಳಿರುತ್ತವೆ. ಎಲೆಗಳು ಕೊಂಬೆಯ ತುದಿಗೆ ಗೊಂಚಲಾಗಿ ಕಟ್ಟಿಕೊಳ್ಳುವುದರಿಂದ ಮರದೊಳಗೆ ಆಕಾಶ ಕಾಣುವ ಕಿಂಡಿಗಳು ಹೆಚ್ಚು. ಹಳೆಯ ಹುಣಸೆಯ ತೊಗಟೆ ಕಪ್ಪು ಮಿಶ್ರಿತ ಬೂದು, ಅಡ್ಡಕ್ಕೂ ಉದ್ದಕ್ಕೂ ಒಡೆದು ಒರಟಾದದ್ದು. ಅದರ ಎಲೆ ಬಹಳ ಸಣ್ಣದು. ಆದ್ದರಿಂದ ದೂರದಿಂದ ಎಲೆ ಬಿಡಿಯಾಗಿ ತೋರದೆ ಮೆತ್ತನೆಯ ಗುಡ್ಡೆಯಾಗಿ ತೋರುತ್ತದೆ, ಕೊಂಬೆಯ ತುದಿಗಳು ನೆಲದ ಕಡೆಗೆ ಬಾಗಿರುತ್ತವೆ. ಆಲದ ಕಾಂಡ ನುಣುಪಾದ ಬೂದು. ದಪ್ಪ ಕೊಂಬೆಗಳು ಅಡ್ಡಲಾಗಿ ಚಾಚುತ್ತವೆ, ಬಿಳಲುಗಳು ಇಳಿಯುತ್ತವೆ, ದಪ್ಪ ಎಲೆಯ ಮೇಲ್ಮೈ ಆಕಾಶದ ಬೆಳಕನ್ನು ಹಿಡಿದು ತಿಳಿನೀಲಿಯಾಗಿ ಹೊಳೆಯುತ್ತದೆ. ಅರಳಿಯ ಎಲೆಗೆ ತೊಟ್ಟು ಉದ್ದ. ಗಾಳಿ ಇಲ್ಲವೆಂದಾಗಲೂ ಎಲೆ ಅಲುಗಾಡುತ್ತಿರುತ್ತದೆ. ಹಾಗಾಗಿ ಅದರ ಅಂಚನ್ನು ಗಟ್ಟಿ ಗೆರೆಯಿಂದ ಮುಚ್ಚಬಾರದು. ಜಾಲಿಯ ಕಾಂಡ ಕಪ್ಪು, ನೆತ್ತಿ ತೆಳು. ಅದರ ನೆರಳೂ ತೆಳುವೇ. ಬಣ್ಣ ಹಚ್ಚುವ ಮೊದಲು ಪ್ರತಿಯೊಂದು ಜಾತಿಯ ಒಂದೊಂದು ಮರವನ್ನು ಪೆನ್ಸಿಲಿನಲ್ಲಿ ಬೇರೆಬೇರೆಯಾಗಿ ಬಿಡಿಸಿ ನೋಡುವುದು ಒಳ್ಳೆಯ ಅಭ್ಯಾಸ.

ಮರದ ವಯಸ್ಸು ತೋರುವುದು ಬುಡದಲ್ಲಿ ಮತ್ತು ಗಾಯದಲ್ಲಿ. ಎಳೆಯ ಮರ ನೆಲದಿಂದ ಕಂಬದಂತೆ ನೇರವಾಗಿ ಏಳುತ್ತದೆ. ಹಳೆಯದರ ಬುಡ ಅಗಲವಾಗಿ, ಬೇರುಗಳು ಮಣ್ಣಿನ ಮೇಲೆ ಎದ್ದು ನೆಲವನ್ನು ಹಿಡಿದಿರುತ್ತವೆ. ಎಂದೋ ಕಡಿದ ಕೊಂಬೆಯ ಜಾಗದಲ್ಲಿ ತೊಗಟೆ ಸುತ್ತುಗಟ್ಟಿ ಗಂಟಾಗಿರುತ್ತದೆ, ಪೊಟರೆಗಳು ಬಿದ್ದಿರುತ್ತವೆ. ಸಾಲಿನಲ್ಲಿ ಬೆಳೆದ ಮರಕ್ಕೆ ಇನ್ನೊಂದು ಗುರುತೂ ಉಂಟು. ಪಕ್ಕದ ಮರದ ಕಡೆ ಬೆಳಕು ಕಡಿಮೆಯಾದ್ದರಿಂದ ಅದು ರಸ್ತೆಯ ಮೇಲಕ್ಕೂ ಹೊಲದ ಕಡೆಗೂ ಹೆಚ್ಚು ಕೊಂಬೆ ಚಾಚುತ್ತದೆ. ಹೀಗಾಗಿ ಅದರ ನೆತ್ತಿ ಎಲ್ಲ ಕಡೆಗೂ ಒಂದೇ ಸಮ ದುಂಡಗಾಗಿರುವುದಿಲ್ಲ. ಬಯಲಲ್ಲಿ ಒಂಟಿಯಾಗಿ ನಿಂತ ಮರವನ್ನು ನೋಡಿ ಕಲಿತ ಆಕಾರವನ್ನು ಸಾಲಿಗೆ ತಂದು ಕೂಡಿಸಿದರೆ ತಪ್ಪು ಎದ್ದು ಕಾಣುವುದು ಇದಕ್ಕಾಗಿಯೇ.

ಮುಂದಿನ ಮಾತು ಬೆಳಕಿನದು. ಹಿಪ್ಪರಗಿ ಸುಮಾರು 16.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಮೇ ಮತ್ತು ಆಗಸ್ಟ್ ತಿಂಗಳುಗಳ ಮೊದಲ ವಾರದಲ್ಲಿ ನಡುಹಗಲಿನ ಸೂರ್ಯ ಇಲ್ಲಿ ನೇರ ನೆತ್ತಿಯ ಮೇಲೆ ಬರುತ್ತಾನೆ. ಈ ಎರಡರ ನಡುವಿನ ದಿನಗಳಲ್ಲಿ ಸ್ವಲ್ಪ ಉತ್ತರಕ್ಕೂ ಸರಿದಿರುತ್ತಾನೆ. ಭಾರತೀಯ ಕಾಲಮಾನವನ್ನು ಲೆಕ್ಕ ಹಾಕುವ 82.5 ಡಿಗ್ರಿ ರೇಖಾಂಶಕ್ಕಿಂತ ಈ ಊರು ಪಶ್ಚಿಮಕ್ಕಿರುವುದರಿಂದ ಸೂರ್ಯ ಅತ್ಯಂತ ಎತ್ತರಕ್ಕೇರುವುದು ಗಡಿಯಾರದ ಹನ್ನೆರಡಕ್ಕಲ್ಲ, ಹನ್ನೆರಡೂವರೆಯ ಸುಮಾರಿಗೆ. ಬೇಸಿಗೆಯ ಆ ಹೊತ್ತಿನಲ್ಲಿ ಮರದ ನೆರಳು ಬುಡದಲ್ಲೇ ಮುದುಡಿಕೊಳ್ಳುತ್ತದೆ, ಕಾಂಡಕ್ಕೆ ಬೆಳಕಿನ ಬದಿ ನೆರಳಿನ ಬದಿ ಎಂಬ ವ್ಯತ್ಯಾಸವೇ ಉಳಿಯುವುದಿಲ್ಲ. ಚಿತ್ರಕ್ಕೆ ಅದು ತಕ್ಕ ಸಮಯವಲ್ಲ.

ಡಿಸೆಂಬರ್ 21ರ ಸುಮಾರಿಗೆ ಸ್ಥಿತಿ ಬೇರೆ. ಆಗ ನಡುಹಗಲಲ್ಲೂ ಸೂರ್ಯ ದಕ್ಷಿಣದಲ್ಲಿ 50 ಡಿಗ್ರಿ ಎತ್ತರದಲ್ಲಷ್ಟೇ ಇರುತ್ತಾನೆ. 12 ಮೀಟರ್ ಎತ್ತರದ ಮರದ ನೆರಳು 10 ಮೀಟರ್ ಉದ್ದಕ್ಕೆ ಉತ್ತರಕ್ಕೆ ಬೀಳುತ್ತದೆ. ಪೂರ್ವ-ಪಶ್ಚಿಮವಾಗಿ ಹೋಗುವ ರಸ್ತೆಯಾದರೆ ದಕ್ಷಿಣದ ಸಾಲಿನ ನೆರಳು ರಸ್ತೆಯನ್ನು ಅಡ್ಡ ದಾಟಿ ಆಚೆ ಸಾಲಿನ ಬುಡ ಮುಟ್ಟುತ್ತದೆ. ಉತ್ತರ-ದಕ್ಷಿಣದ ರಸ್ತೆಯಲ್ಲಿ ಬೆಳಿಗ್ಗೆ ಸಂಜೆ ಇದೇ ನೋಟ ಸಿಗುತ್ತದೆ. ಮಾರ್ಚ್ ಕೊನೆಯ ವಾರದಲ್ಲಿ ಬೆಳಗಿನ ಎಂಟೂವರೆಯ ಸುಮಾರಿಗೆ ಸೂರ್ಯ 30 ಡಿಗ್ರಿಗೆ ಹತ್ತಿರವಿರುತ್ತಾನೆ, ನೆರಳು ಮರದ ಎತ್ತರದ ಒಂದೂಮುಕ್ಕಾಲು ಪಟ್ಟು ಚಾಚಿರುತ್ತದೆ. ರಸ್ತೆಯ ಮೇಲೆ ಅಡ್ಡಲಾಗಿ ಮಲಗಿದ ಈ ನೆರಳಿನ ಪಟ್ಟೆಗಳೇ ರಸ್ತೆಗೆ ಸಮತಟ್ಟು ಕೊಡುವುದು, ದೂರವನ್ನು ಕಣ್ಣಿಗೆ ಎಣಿಸಿ ತೋರಿಸುವುದು. ಆದರೆ ನೆರಳು ಒಂದು ಗಂಟೆಯೊಳಗೆ ಜಾಗ ಬದಲಿಸಿಬಿಡುತ್ತದೆ. ಆದ್ದರಿಂದ ಕುಳಿತ ಕೂಡಲೇ ನೆರಳಿನ ಗೆರೆಗಳನ್ನು ಗುರುತು ಹಾಕಿಕೊಂಡು, ಆಮೇಲೆ ಅವನ್ನು ಬದಲಿಸದೆ ಮುಂದುವರಿಯುವುದು ವಾಡಿಕೆ. ಪೂರ್ವಕ್ಕೆ ಮುಖ ಮಾಡಿ ಬೆಳಿಗ್ಗೆ ಕುಳಿತರೆ ಬೆಳಕು ಎದುರಿನಿಂದ ಬರುತ್ತದೆ. ಕಾಂಡಗಳು ಕಪ್ಪಾಗಿ, ಎಲೆಯ ಅಂಚುಗಳು ಹಳದಿಯಾಗಿ ಉರಿಯುತ್ತವೆ. ಕಡಿಮೆ ಬಣ್ಣದಲ್ಲಿ ಹೆಚ್ಚು ಪರಿಣಾಮ ಕೊಡುವ ನೋಟ ಇದು.

ಜಾಗವೂ ಹೊತ್ತೂ ಗೊತ್ತಾದ ಮೇಲೆ ಅಳತೆಯ ಕೆಲಸ. ಹಾಳೆಯ ಮೇಲೆ ಮೊದಲು ಎಳೆಯಬೇಕಾದದ್ದು ಕಣ್ಣಿನ ಮಟ್ಟದ ಅಡ್ಡಗೆರೆ. ಸಮತಟ್ಟಾದ ನೇರ ರಸ್ತೆಯ ಎರಡು ಅಂಚುಗಳು, ಮರಗಳ ಬುಡದ ಸಾಲು, ನೆತ್ತಿಯ ಸಾಲು ಎಲ್ಲವೂ ಆ ಗೆರೆಯ ಮೇಲಿನ ಒಂದೇ ಬಿಂದುವಿಗೆ ಹೋಗಿ ಕೂಡುತ್ತವೆ. ನಿಂತವನ ಕಣ್ಣು ನೆಲದಿಂದ ಸುಮಾರು 1.6 ಮೀಟರ್ ಎತ್ತರದಲ್ಲಿರುತ್ತದೆ. 12 ಮೀಟರ್ ಮರದಲ್ಲಿ ಅದು ಕೇವಲ ಏಳೂವರೆಯಲ್ಲೊಂದು ಪಾಲು. ಎಂದರೆ ಹಾಳೆಯ ಮೇಲೆ ಮೊದಲ ಮರವನ್ನು 24 ಸೆಂಟಿಮೀಟರ್ ಬಿಡಿಸಿದರೆ ಗೆರೆಯ ಕೆಳಗೆ ಬರುವುದು 3.2 ಸೆಂಟಿಮೀಟರ್ ಮಾತ್ರ, ಉಳಿದದ್ದೆಲ್ಲ ಮೇಲೆ. ದೂರದ ಮರಗಳಲ್ಲೂ ಇದೇ ಪ್ರಮಾಣ. ಕಲಿಯುವವರು ಬುಡವನ್ನು ಇದಕ್ಕಿಂತ ಬಹಳ ಕೆಳಗಿಡುತ್ತಾರೆ. ರಸ್ತೆ ಗೋಡೆಯಾಗಿ ಏಳುವುದು ಅಲ್ಲಿಂದಲೇ.

ದೂರ ಹೋದಂತೆ ಮರ ಎಷ್ಟು ಚಿಕ್ಕದಾಗಬೇಕು ಎಂಬುದಕ್ಕೂ ನೇರವಾದ ಲೆಕ್ಕವಿದೆ. ಹತ್ತು ಹತ್ತು ಮೀಟರಿಗೆ ನೆಟ್ಟ ಒಂದೇ ಎತ್ತರದ ಮರಗಳ ಸಾಲಿನಲ್ಲಿ, ಮೊದಲ ಮರದಿಂದ 10 ಮೀಟರ್ ಹಿಂದೆ ನಿಂತವನಿಗೆ ಎರಡನೆಯದು ಮೊದಲನೆಯದರ ಅರ್ಧ, ಮೂರನೆಯದು ಮೂರರಲ್ಲೊಂದು, ನಾಲ್ಕನೆಯದು ಕಾಲು ಭಾಗವಾಗಿ ಕಾಣುತ್ತದೆ. 24 ಸೆಂಟಿಮೀಟರಿನಿಂದ ಆರಂಭಿಸಿದರೆ 12, 8, 6, 4.8, 4 ಎಂದು ಅಳತೆ ಇಳಿಯುತ್ತದೆ. ಮೊದಲೆರಡು ಮರಗಳ ನಡುವೆ ದೊಡ್ಡ ಜಿಗಿತ, ಆಮೇಲಿನವು ಒತ್ತೊತ್ತಾಗಿ ಕೂಡಿಕೊಳ್ಳುವುದು, ಇದನ್ನು ಕಣ್ಣು ಒಪ್ಪಿದರೂ ಕೈ ಸುಲಭವಾಗಿ ಒಪ್ಪುವುದಿಲ್ಲ. ಅಂತರ ಗುರುತಿಸಲು ಒಂದು ಸರಳ ಉಪಾಯವಿದೆ. ಮೊದಲ ಎರಡು ಮರಗಳನ್ನು ನಿಲ್ಲಿಸಿದ ಮೇಲೆ, ಮೊದಲನೆಯದರ ತುದಿಯಿಂದ ಎರಡನೆಯದರ ನಟ್ಟನಡುವಿನ ಮೂಲಕ ಒಂದು ಓರೆಗೆರೆ ಎಳೆಯಬೇಕು. ಅದು ಬುಡದ ಸಾಲನ್ನು ಮುಟ್ಟುವ ಕಡೆ ಮೂರನೆಯ ಮರ ಬರುತ್ತದೆ. ಕಾಂಡಗಳಿಗೆ ಬಳಿದಿರುವ ಬಿಳಿ-ಕೆಂಪು ಪಟ್ಟಿಗಳೂ ನೆರವಾಗುತ್ತವೆ. ಎಲ್ಲ ಪಟ್ಟಿಗಳೂ ಒಂದೇ ಎತ್ತರಕ್ಕಿರುವುದರಿಂದ ಅವನ್ನು ಕೂಡಿಸುವ ಗೆರೆ ತಾನಾಗಿಯೇ ಆ ಕೂಡುವ ಬಿಂದುವಿಗೆ ಓಡುತ್ತದೆ.

ಈ ಲೆಕ್ಕವನ್ನು ಕಲೆಯಾಗಿಸಿದ ಪ್ರಸಿದ್ಧ ಉದಾಹರಣೆ ಹಾಲೆಂಡಿನ ಮೈಂಡರ್ಟ್ ಹೊಬ್ಬೆಮಾ 1689ರಲ್ಲಿ ಬಿಡಿಸಿದ ಮಿಡ್ಡೆಲ್‌ಹಾರ್ನಿಸ್ ಊರಿನ ಸಾಲುಮರದ ದಾರಿ. ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ ಆ ಚಿತ್ರದಲ್ಲಿ ನೋಡುವವನು ರಸ್ತೆಯ ನಡುವೆಯೇ ನಿಂತಂತಿದೆ. ಆದರೂ ಚಿತ್ರ ಯಾಂತ್ರಿಕವೆನಿಸುವುದಿಲ್ಲ. ಮರಗಳ ಎತ್ತರ, ಬಾಗು, ನೆತ್ತಿ ಒಂದರಂತೆ ಇನ್ನೊಂದಿಲ್ಲ. ರಸ್ತೆಯ ಬಲಕ್ಕೂ ಎಡಕ್ಕೂ ಬೇರೆಬೇರೆ ನೋಟಗಳಿವೆ. ಅಳತೆ ಸಡಿಲಿಸದೆ ಏಕತಾನತೆ ಮುರಿಯುವ ಬಗೆ ಅದು. ಆರಂಭಿಸುವವರು ರಸ್ತೆಯ ನಟ್ಟನಡುವೆ ನಿಲ್ಲುವ ಬದಲು ಒಂದು ಬದಿಗೆ ಸರಿದು ನಿಂತರೆ ಒಂದು ಸಾಲು ದೊಡ್ಡದಾಗಿ, ಇನ್ನೊಂದು ಇಕ್ಕಟ್ಟಾಗಿ ಕಂಡು ಚಿತ್ರಕ್ಕೆ ತೂಕ ಬರುತ್ತದೆ. ಬಿದ್ದುಹೋದ ಮರದ ತೆರಪನ್ನು ಇನ್ನೊಂದು ಮರ ತುಂಬಿ ಮುಚ್ಚದೆ ಹಾಗೆಯೇ ಬಿಡಬೇಕು. ಅಲ್ಲಿಂದ ಬರುವ ಬೆಳಕು ಚಿತ್ರಕ್ಕೆ ಉಸಿರು.

ಅಳತೆ ಮುಗಿದ ಮೇಲೆ ಛಾಯೆಯ ವಿಂಗಡಣೆ. ಕಣ್ಣು ಅರೆಮುಚ್ಚಿ ನೋಡಿದರೆ ಎಲೆಗಳ ವಿವರ ಅಳಿಸಿಹೋಗಿ ನೋಟವೆಲ್ಲ ಮೂರು ಛಾಯೆಗಳಾಗಿ ಒಡೆಯುತ್ತದೆ: ಆಕಾಶ ಮತ್ತು ಬಿಸಿಲು ಬಿದ್ದ ರಸ್ತೆ ತಿಳಿಯಾಗಿ, ಬೆಳಕು ಹಿಡಿದ ಎಲೆಗೊಂಚಲು ನಡುವಾಗಿ, ಕಾಂಡ ಮತ್ತು ಚಪ್ಪರದ ಒಳಭಾಗ ಗಾಢವಾಗಿ. ಅಂಗೈಯಗಲದ ಕಾಗದದ ಮೇಲೆ ಈ ಮೂರನ್ನಷ್ಟೇ ಪೆನ್ಸಿಲಿನಿಂದ ತುಂಬಿ ನೋಡಿದಾಗ ಚೆನ್ನಾಗಿ ಕಾಣದ ನೋಟ ದೊಡ್ಡ ಹಾಳೆಯಲ್ಲಿಯೂ ಚೆನ್ನಾಗಿ ಕಾಣುವುದಿಲ್ಲ.

ನೆರಳಿನೊಳಗಿನ ಬಿಸಿಲ ಚುಕ್ಕೆಗಳನ್ನು ಹತ್ತಿರದಿಂದ ನೋಡಬೇಕು. ಎಲೆಗಳ ನಡುವಿನ ಕಿಂಡಿ ಮೂಲೆಮೂಲೆಯಾಗಿದ್ದರೂ ನೆಲದ ಮೇಲೆ ಬೀಳುವ ಚುಕ್ಕೆ ದುಂಡಗಿರುತ್ತದೆ. ಅದು ಕಿಂಡಿಯ ಆಕಾರವಲ್ಲ, ಸೂರ್ಯನದೇ ಬಿಂಬ. 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ಹೊತ್ತಿನಲ್ಲಿ ಮರದಡಿಯ ಚುಕ್ಕೆಗಳೆಲ್ಲ ಕುಡುಗೋಲಿನ ಆಕಾರ ತಾಳಿದ್ದು ಇದೇ ಕಾರಣದಿಂದ. 10 ಮೀಟರ್ ದೂರದ ಸಣ್ಣ ಕಿಂಡಿಯಿಂದ ಬರುವ ಬಿಂಬ ಸುಮಾರು 9 ಸೆಂಟಿಮೀಟರ್ ಅಗಲವಿರುತ್ತದೆ. ಕಿಂಡಿ ದೂರವಾದಷ್ಟೂ ಬಿಂಬ ದೊಡ್ಡದು ಮತ್ತು ಮಬ್ಬು. ಬಿಸಿಲು ಓರೆಯಾದಂತೆ ಅದು ಉದ್ದಕ್ಕೆ ಎಳೆದ ಅಂಡಾಕಾರವಾಗುತ್ತದೆ. ಚಿತ್ರಕಾರ ಅದನ್ನು ರಸ್ತೆಯ ಉದ್ದಕ್ಕೆ ದೂರದಿಂದ ನೋಡುವುದರಿಂದ ಹಾಳೆಯ ಮೇಲೆ ಚುಕ್ಕೆಗಳು ಚಪ್ಪಟೆಯಾಗಿ, ಅಡ್ಡಕ್ಕೆ ಅಗಲವಾಗಿ ಬರುತ್ತವೆ. ಅಕ್ಷತೆ ಎರಚಿದಂತೆ ದುಂಡು ಚುಕ್ಕೆಗಳನ್ನು ಎಲ್ಲೆಡೆ ಹಾಕಿದರೆ ರಸ್ತೆ ಮತ್ತೆ ಎದ್ದು ನಿಲ್ಲುತ್ತದೆ. ನೆರಳೂ ಬರಿಯ ಕಪ್ಪಲ್ಲ. ತೆರೆದ ಆಕಾಶದ ಕೆಳಗಿನ ನೆರಳಿನಲ್ಲಿ ನೀಲಿ ಸೇರಿರುತ್ತದೆ, ದಟ್ಟ ಚಪ್ಪರದಡಿಯ ನೆರಳಿನಲ್ಲಿ ಮಣ್ಣಿನ ಕೆಂಪೂ ಎಲೆಯ ಹಸಿರೂ ಬೆರೆತಿರುತ್ತವೆ.

ಬಣ್ಣದ ವಿಷಯದಲ್ಲಿ ದೊಡ್ಡ ಅಪಾಯ ಡಬ್ಬಿಯ ಹಸಿರು. ಅದನ್ನು ನೇರವಾಗಿ ಹಚ್ಚಿದರೆ ಎಲ್ಲ ಮರವೂ ಒಂದೇ ಮರವಾಗುತ್ತದೆ. ಅಲ್ಟ್ರಾಮರೀನ್ ನೀಲಿಗೆ ಯೆಲ್ಲೋ ಓಕರ್ ಬೆರೆಸಿದರೆ ಧೂಳು ಕುಳಿತ ಹುಣಸೆಯ ಹಸಿರು ಬರುತ್ತದೆ. ನಿಂಬೆಹಳದಿ ಬೆರೆಸಿದರೆ ಎಳೆ ಬೇವಿನದು. ಅದೇ ನೀಲಿಗೆ ಬರ್ನ್ಟ್ ಸಿಯೆನ್ನಾ ಬೆರೆಸಿದರೆ ಕಾಂಡಕ್ಕೆ ಬೇಕಾದ ಬೂದುಗಳೆಲ್ಲ ಸಿಗುತ್ತವೆ. ದೂರದ ಮರಗಳಿಗೆ ನೀಲಿ ಹೆಚ್ಚಿಸಿ, ಗಾಢತೆ ತಗ್ಗಿಸಬೇಕು. ಬೇಸಿಗೆಯ ಧೂಳು ಹಿಡಿದ ಹವೆಯಲ್ಲಿ ದೂರ ನೀಲಿಯಾಗದೆ ಬೆಳ್ಳನೆಯ ಕೆಮ್ಮಣ್ಣಿನ ಛಾಯೆಗೆ ತಿರುಗುವುದನ್ನೂ ಗಮನಿಸಬೇಕು. ಋತುವಿಗೆ ತಕ್ಕಂತೆ ಬಣ್ಣದ ಪಟ್ಟಿಯೇ ಬದಲಾಗುತ್ತದೆ. ಶಿವರಾತ್ರಿಯ ಆಸುಪಾಸಿಗೆ ಬೇವು ಎಲೆ ಉದುರಿಸಿ, ಯುಗಾದಿಗೆ ತಾಮ್ರಗೆಂಪು ಚಿಗುರೂ ಬಿಳಿ ಹೂವೂ ತಳೆಯುತ್ತದೆ. ಅರಳಿಯ ಚಿಗುರೂ ಕೆಂಪು. ಮುಂಗಾರಿನಲ್ಲಿ ಕೃಷ್ಣೆ ತುಂಬಿ ಹರಿಯುವಾಗ ಒದ್ದೆ ತೊಗಟೆ ಕಪ್ಪಾಗಿ, ಎಲೆಯ ಹಸಿರು ತೊಳೆದಂತೆ ಸ್ವಚ್ಛವಾಗುತ್ತದೆ. ನೀರು ನಿಂತ ರಸ್ತೆಯಲ್ಲಿ ಆಕಾಶವೇ ಇಳಿದಿರುತ್ತದೆ.

ಜಲವರ್ಣದಲ್ಲಿ ತಿಳಿಯಿಂದ ಗಾಢಕ್ಕೆ ಹೋಗುವುದು ಕ್ರಮ. ಮೊದಲು ಆಕಾಶ ಮತ್ತು ದೂರ, ಆಮೇಲೆ ಬೆಳಕಿನ ಎಲೆಗೊಂಚಲು, ನಂತರ ನೆರಳು, ಕೊನೆಗೆ ಕಾಂಡ ಕೊಂಬೆ. ಬಿಸಿಲ ಚುಕ್ಕೆಗಳಿಗೆ ಕಾಗದದ ಬಿಳಿಯನ್ನೇ ಉಳಿಸಿಕೊಳ್ಳಬೇಕು. ಈ ಭಾಗದ ಒಣಹವೆಯಲ್ಲಿ ಹಚ್ಚಿದ ಬಣ್ಣ ಹರಡುವ ಮೊದಲೇ ಆರಿ, ಬೇಡದ ಕಡೆ ಗಟ್ಟಿ ಅಂಚು ಕಟ್ಟುತ್ತದೆ. ಅದಕ್ಕೆ 300 ಗ್ರಾಂ ತೂಕದ ದಪ್ಪ ಕಾಗದವನ್ನು ಎರಡೂ ಬದಿಗೆ ನೆನೆಸಿ, ನೆರಳಿನಲ್ಲಿ ಕುಳಿತು, ನೀರಿಗೆ ಒಂದೆರಡು ಹನಿ ಗ್ಲಿಸರಿನ್ ಹಾಕಿಕೊಂಡರೆ ಬಣ್ಣ ನಿಧಾನವಾಗಿ ಆರುತ್ತದೆ. ತೈಲವರ್ಣದಲ್ಲಿ ದಾರಿ ತಿರುಗುಮುರುಗು. ಗಾಢ ಭಾಗಗಳನ್ನು ತೆಳುವಾಗಿ ಮೊದಲು ಹಾಕಿ, ಬೆಳಕನ್ನು ಕೊನೆಗೆ ದಪ್ಪವಾಗಿ ಇಡುತ್ತಾರೆ. ಎಲೆಗಳ ನಡುವಿನ ಆಕಾಶದ ಕಿಂಡಿಗಳನ್ನು ಕೊನೆಯಲ್ಲಿ ತೆರೆಯಬಹುದು. ಅವಕ್ಕೆ ಬಯಲ ಆಕಾಶಕ್ಕಿಂತ ತುಸು ಮಂಕಾದ ಬಣ್ಣ ಬೇಕು, ಇಲ್ಲವಾದರೆ ಅವು ಎಲೆಯ ಮುಂದಕ್ಕೆ ಜಿಗಿದು ಬರುತ್ತವೆ.

ಜನರಿಲ್ಲದ ದಾರಿಯಲ್ಲಿ ಮರದ ಎತ್ತರ ತಿಳಿಯುವುದಿಲ್ಲ. ಸಮತಟ್ಟಾದ ರಸ್ತೆಯನ್ನು ನಿಂತು ನೋಡಿದಾಗ ಹತ್ತಿರದವರ ತಲೆಯೂ ದೂರದವರ ತಲೆಯೂ ಕಣ್ಣಿನ ಮಟ್ಟದ ಗೆರೆಯ ಮೇಲೆಯೇ ಬರುತ್ತವೆ. ಬದಲಾಗುವುದು ಕಾಲಿನ ಜಾಗ ಮಾತ್ರ. ಈ ಒಂದು ನಿಯಮ ತಿಳಿದರೆ ಎಷ್ಟು ಜನರನ್ನಾದರೂ ರಸ್ತೆಗೆ ಇಳಿಸಬಹುದು. ಹಂಗಾಮಿನ ದಿನಗಳಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರ್, ಎತ್ತಿನ ಗಾಡಿ, ಬುತ್ತಿ ಹೊತ್ತು ಹೊಲಕ್ಕೆ ಹೋಗುವ ಹೆಂಗಸರು ಈ ರಸ್ತೆಗಳ ನಿಜವಾದ ಸಂಚಾರ. ಒಂದೆರಡು ಆಕೃತಿ ಸಾಕು. ಹೆಚ್ಚಾದರೆ ಮರಗಳು ಹಿನ್ನೆಲೆಗೆ ಸರಿಯುತ್ತವೆ.

ಕರ್ನಾಟಕದಲ್ಲಿ ಮರಗಳ ಚಿತ್ರಕ್ಕೆ ಬಾಳು ಕೊಟ್ಟವರಲ್ಲಿ ಪ್ರಮುಖರು 1910ರಲ್ಲಿ ದೊಡ್ಡಬಳ್ಳಾಪುರದಲ್ಲಿ ಹುಟ್ಟಿದ ರುಮಾಲೆ ಚನ್ನಬಸವಯ್ಯ. ಸ್ವಾತಂತ್ರ್ಯ ಹೋರಾಟ, ಪತ್ರಿಕಾವೃತ್ತಿಗಳಲ್ಲಿ ವರ್ಷಗಳನ್ನು ಕಳೆದ ಅವರು ನಡುವಯಸ್ಸಿನಲ್ಲಿ ಮತ್ತೆ ಕುಂಚ ಹಿಡಿದು, 1988ರಲ್ಲಿ ತೀರಿಕೊಳ್ಳುವವರೆಗೆ ಬೆಂಗಳೂರಿನ ಹೂಬಿಟ್ಟ ಮರಗಳನ್ನು, ಉದ್ಯಾನ ರಸ್ತೆಗಳನ್ನು ಜಲವರ್ಣ ತೈಲವರ್ಣಗಳಲ್ಲಿ ಬಿಡಿಸಿದರು. 1908ರಲ್ಲಿ ಲಾಲ್‌ಬಾಗಿಗೆ ಬಂದ ಜರ್ಮನಿಯ ಜಿ.ಎಚ್. ಕ್ರುಂಬಿಗಲ್ ವರ್ಷವಿಡೀ ಒಂದರ ಹಿಂದೊಂದು ಮರ ಹೂ ಬಿಡುವಂತೆ ಆ ನಗರದ ಬೀದಿಗಳಿಗೆ ಗಿಡ ಆರಿಸಿದ್ದರು. ಅವರ ಆಯ್ಕೆ ರುಮಾಲೆಯವರ ಕುಂಚದಲ್ಲಿ ಬಣ್ಣವಾಗಿ ಉಳಿಯಿತು. ಉತ್ತರ ಕರ್ನಾಟಕದಲ್ಲಿ ಧಾರವಾಡದ ಡಿ.ವಿ. ಹಾಲಭಾವಿ, ಗದಗಿನ ಟಿ.ಪಿ. ಅಕ್ಕಿ, ಹುಬ್ಬಳ್ಳಿಯ ಎಂ.ವಿ. ಮಿಣಜಿಗಿ ನಡೆಸಿದ ಕಲಾಶಾಲೆಗಳಲ್ಲಿ ತಲೆಮಾರುಗಳು ಚಿತ್ರ ಕಲಿತವು.

ಮರದ ಚಿತ್ರಕ್ಕೆ ಚೆಲುವಿಗಿಂತ ಮಿಗಿಲಾದ ಒಂದು ಉಪಯೋಗವಿದೆ. 1891ರಲ್ಲಿ ಫ್ರಾನ್ಸಿನ ಕ್ಲೋಡ್ ಮೊನೆ ಎಪ್ಟ್ ಹೊಳೆಯ ದಂಡೆಯ ಪಾಪ್ಲರ್ ಸಾಲನ್ನು ಬಿಡಿಸುತ್ತಿದ್ದಾಗ ಆ ಮರಗಳು ಹರಾಜಿಗೆ ಬಂದವು. ಕೆಲಸ ಮುಗಿಯುವವರೆಗೆ ಕಡಿಯದಂತೆ ಅವರು ಮರದ ವ್ಯಾಪಾರಿಗೆ ಹಣ ಕೊಟ್ಟರು. ಇಂದು ಉಳಿದಿರುವುದು ಆ ಚಿತ್ರಗಳು. ಆಲಮಟ್ಟಿಯ ಹಿನ್ನೀರಿನಲ್ಲಿ ಬೀಳಗಿ ತಾಲ್ಲೂಕಿನ ಹಲವು ಹಳ್ಳಿಗಳು ಮುಳುಗಿದಾಗ ಅಗಸಿ, ಕಟ್ಟೆಗಳೊಡನೆ ಅಲ್ಲಿನ ಮರಗಳೂ ಹೋದವು. ರಸ್ತೆ ಅಗಲವಾಗುವ ಕಡೆಗಳಲ್ಲಿ ಇಂದಿಗೂ ಮೊದಲು ಬೀಳುವುದು ಬದಿಯ ಹಳೆಯ ಮರ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಮರ ಕಡಿಯಲು ಅನುಮತಿ ಬೇಕೆನ್ನುತ್ತದೆ. ಅನುಮತಿ ಕೇಳುವ ಮೊದಲು ಆ ಮರದ ಬೆಲೆ ಊರಿಗೆ ಗೊತ್ತಿರಬೇಕು. ಅದನ್ನು ತಿಳಿಸುವ ದಾರಿಗಳಲ್ಲಿ ಚಿತ್ರವೂ ಒಂದು. ಆದ್ದರಿಂದ ಶಾಲೆಯ ಚಿತ್ರಕಲಾ ಶಿಕ್ಷಕರು ವರ್ಷಕ್ಕೊಮ್ಮೆಯಾದರೂ ಮಕ್ಕಳನ್ನು ತರಗತಿಯಿಂದ ಹೊರಗೆ ಕರೆತಂದು ಊರ ದಾರಿಯ ಹಳೆಯ ಮರಗಳ ಮುಂದೆ ಕೂಡಿಸಬೇಕು. ಬಿಡಿಸಿದ ಪ್ರತಿಯೊಂದು ಚಿತ್ರದ ಹಿಂದೆ ಮರದ ಜಾತಿ, ರಸ್ತೆಯ ಹೆಸರು ಮತ್ತು ತಾರೀಖು ಬರೆಸಿ ಶಾಲೆಯಲ್ಲಿ ಜೋಪಾನವಾಗಿ ಇಡಬೇಕು.